ಕೇಳಿ ಬದಲಿಸುವ ಯಂತ್ರ

ಕಂಪ್ಯೂಟರಿನಲ್ಲಿ ಕನ್ನಡದ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದರು. ನಾನು ಅದರ ಒಂದು ಮೂಲೆಯನ್ನಷ್ಟೇ ಹಿಡಿದಿದ್ದೇನೆ: ಹುಡುಕಿ ಬದಲಿಸುವ ಕೆಲಸ, ಅಂದರೆ ಫೈಂಡ್ ಅಂಡ್ ರಿಪ್ಲೇಸ್. ಕಾರಣ ನನ್ನದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಕನ್ನಡಿಗರ ಸ್ಮರಣ ಸಂಚಿಕೆಯ ಕೆಲಸ ನನ್ನ ಪಾಲಿಗೆ ಬಂತು. ಹೆಸರುಗಳ ಮುಂದಿನ 'ಶ್ರೀ' ತೆಗೆಯಬೇಕೆಂದು ತೀರ್ಮಾನವಾಗಿತ್ತು. ರಾತ್ರಿ ಹನ್ನೊಂದು ದಾಟಿತ್ತು, ಬೆಳಗಾದರೆ ಆಫೀಸು. 'ಎಲ್ಲವನ್ನೂ ಬದಲಿಸು' ಒತ್ತಿ ಮಲಗಿದೆ. ಶ್ರೀಮತಿಯರೆಲ್ಲ 'ಮತಿ'ಯರಾದರು, ಶ್ರೀರಂಗಪಟ್ಟಣ ರಂಗಪಟ್ಟಣವಾಯಿತು. ಅಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ಅಗಲಿದವರ ಪುಟದಲ್ಲಿ ಶ್ರೀನಿವಾಸರೊಬ್ಬರು ಬರೀ 'ನಿವಾಸ'ರಾಗಿ ಅಚ್ಚಾದರು. ಅವರ ಪತ್ನಿ ನನಗೊಂದು ಮಾತೂ ಹೇಳಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಈ ವಿದ್ಯೆಯ ಚರಿತ್ರೆಯನ್ನು ಕೆದಕಿದೆ. ಇದರ ಮೂಲ ಇರುವುದು ಎಡಿಟರಿನಲ್ಲಲ್ಲ, ನರಕೋಶದಲ್ಲಿ! 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶಗಳ ಜಾಲವನ್ನು ತರ್ಕದ ಭಾಷೆಯಲ್ಲಿ ವಿವರಿಸಿದರು. ಅಂಥ ಜಾಲ ಯಾವ ಬಗೆಯ ಸರಣಿಗಳನ್ನು ಗುರುತಿಸಬಲ್ಲದು ಎಂದು ಸ್ಟೀಫನ್ ಕ್ಲೀನಿ 1951ರಲ್ಲಿ ಬರೆದರು. ಅದು ಪುಸ್ತಕದಲ್ಲಿ ಬಂದದ್ದು 1956ರಲ್ಲಿ. 'ರೆಗ್ಯುಲರ್' ಎಂಬ ಹೆಸರೂ, ಸೊನ್ನೆಯಿಂದ ಎಷ್ಟು ಸಲವಾದರೂ ಎನ್ನುವ ನಕ್ಷತ್ರ ಚಿಹ್ನೆಯೂ ಅಲ್ಲಿಂದ ಬಂದವು.

ಅದನ್ನು ಎಡಿಟರಿಗೆ ತಂದವರು ಕೆನ್ ಥಾಂಪ್ಸನ್. ಬರ್ಕ್ಲಿಯಲ್ಲಿ ಹುಟ್ಟಿದ್ದ ಕ್ಯೂಇಡಿ ಎಂಬ ಎಡಿಟರನ್ನು ಅವರು ಬೆಲ್ ಲ್ಯಾಬ್ಸ್‌ನಲ್ಲಿ ಹೊಸದಾಗಿ ಬರೆದರು. ನೀವು ಕೊಟ್ಟ ವಿನ್ಯಾಸವನ್ನು ಐಬಿಎಂ 7094ರ ಯಂತ್ರಭಾಷೆಗೇ ಇಳಿಸುವ ಅವರ ವಿಧಾನ 1968ರಲ್ಲಿ ಪ್ರಕಟವಾಯಿತು. ಮುಂದೆ ಯುನಿಕ್ಸ್‌ನ 'ಎಡ್' ಬಂತು. ಆಗ ತೆರೆಯಿಲ್ಲ, ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವ ಟೆಲಿಟೈಪ್. ಆಜ್ಞೆಗಳು ಅಷ್ಟು ಜಿಪುಣವಾದದ್ದು ಅದಕ್ಕೇ. ಗ್ರೆಪ್ ಎಂಬ ಹೆಸರೂ 'ಎಡ್'ನ ಒಂದು ಆಜ್ಞೆಯಿಂದಲೇ ಬಂದದ್ದು.

ನನಗೆ ಮುಖ್ಯವಾದದ್ದು ಇದರ ನಂತರದ ಹೆಜ್ಜೆ. ಬಿಲ್ ಜಾಯ್ ಬರ್ಕ್ಲಿಯಲ್ಲಿ 1970ರ ದಶಕದಲ್ಲಿ ಬರೆದ ಎಕ್ಸ್ ಮತ್ತು ವಿಐ ಎಡಿಟರುಗಳಲ್ಲಿ ಬದಲಿಸುವ ಆಜ್ಞೆಯ ಕೊನೆಗೆ ಒಂದು 'ಸಿ' ಸೇರಿಸಿದರೆ ಸಾಕು, ಪ್ರತಿ ಜಾಗದಲ್ಲೂ ಅದು ನಿಂತು ಕೇಳುತ್ತದೆ. ಈಮ್ಯಾಕ್ಸ್‌ನಲ್ಲೂ ಹಾಗೆಯೇ: 'ವೈ' ಅಂದರೆ ಬದಲಿಸು, 'ಎನ್' ಅಂದರೆ ಬಿಡು, ಆಶ್ಚರ್ಯಸೂಚಕ ಒತ್ತಿದರೆ ಉಳಿದದ್ದೆಲ್ಲ ಕೇಳದೆಯೇ ಬದಲು. ಆ ಚಿಹ್ನೆ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು!

ನಮ್ಮಲ್ಲಿ ಹೆಚ್ಚಿನವರು ಐಟಿಯವರು, ಒಳ್ಳೆಯ ವಿನ್ಯಾಸ ಬರೆದರೆ ಕೇಳುವ ಗೊಡವೆ ಏಕೆ ಅನ್ನಬಹುದು. 'ಶ್ರೀ'ಯ ನಂತರ ಖಾಲಿ ಜಾಗ ಇದ್ದರೆ ಮಾತ್ರ ತೆಗೆ ಅಂದರಾಯಿತಲ್ಲ? ಆಗ ಶ್ರೀಮತಿ ಉಳಿಯುತ್ತಾರೆ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೆಡುತ್ತದೆ. ನಮ್ಮ ಭಾಷೆ ಪ್ರತ್ಯಯ ಅಂಟಿಸಿಕೊಂಡು ಬೆಳೆಯುವಂಥದ್ದು. 'ಮರ' ಹುಡುಕಿದರೆ ಮರದಲ್ಲಿ, ಮರವನ್ನು ಸಿಗಬೇಕು, ಸಮರ, ಅಮರ ಸಿಗಬಾರದು. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು ನಿಜ. ಆದರೆ ನಮ್ಮ ಕಣ್ಣಿಗೆ ಒಂದಾದ 'ಕ್ಷಿ' ಅಲ್ಲಿ ನಾಲ್ಕು ಸಂಕೇತ, ಒಂದು ಚುಕ್ಕಿ ಹಿಡಿಯುವುದು ಸಾಮಾನ್ಯವಾಗಿ ಅದರಲ್ಲಿ ಒಂದನ್ನು. ಹಳೆಯ ನುಡಿ ಫಾಂಟಿನ ಕಡತಗಳಲ್ಲಂತೂ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿಗೆ ತರುವಾಗ ಅದನ್ನು ರಕಾರವಾಗಿ ಮುಂದಕ್ಕೆ ಎಳೆಯಬೇಕು.

ಕಳೆದ ಚಳಿಗಾಲದಲ್ಲಿ ಆ ಸಂಚಿಕೆಯ ಮೂಲ ಕಡತವನ್ನು ಮತ್ತೆ ತೆರೆದೆ, ಜಾಲತಾಣಕ್ಕೆ ಹಾಕಲು. ಈ ಸಲ 'ಸಿ' ಸೇರಿಸಿದೆ. ಒಂದು ಇಡೀ ಶನಿವಾರ ಹಿಡಿಯಿತು. ಕಾಫಿ ಎರಡು ಸಲ ತಣ್ಣಗಾಯಿತು. ಅಗಲಿದವರ ಪುಟಕ್ಕೆ ಬಂದು ಕರ್ಸರ್ ನಿಂತಿತು. 'ಎನ್' ಒತ್ತಿ, ಆ ಪುಟವನ್ನು ಮಾತ್ರ ಕಾಗದದ ಮೇಲೆ ಅಚ್ಚು ಹಾಕಿಸಿ, ಅವರ ಮನೆಗೆ ಹೋಗಿ ಕೊಟ್ಟು ಬಂದೆ.