ಕಡಲಿಗೆ ಹೋದ ಕಾರ್ಮಿಕರು

ಪ್ಯಾರಿಸ್ಸಿನ ಸಾಂ-ಲಝಾರ್ ನಿಲ್ದಾಣದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಸುಮಾರು ಎರಡು ಗಂಟೆಗಳಲ್ಲಿ ನಾರ್ಮಂಡಿಯ ದೋವಿಲ್ ಕಡಲತೀರವನ್ನು ಸೇರಬಹುದು. ಎರಡು ದಿನಗಳ ವಿಹಾರಕ್ಕೆ ಸ್ವಂತ ಕಾರು ಬೇಕಿಲ್ಲ. ಆದರೆ ಈ ಸೌಲಭ್ಯವು ಎಲ್ಲರ ಪಾಲಿಗೂ ಒಮ್ಮೆಗೇ ಬಂದುದಲ್ಲ.

1848ರಲ್ಲಿ ರೈಲು ದಿಯೆಪ್ ಬಂದರನ್ನು ಮುಟ್ಟಿತು. 1863ರಲ್ಲಿ ತ್ರೂವಿಲ್-ದೋವಿಲ್ ನಿಲ್ದಾಣವನ್ನು ತೆರೆದರು. ಕಡಿಮೆ ದರದ ವಿಹಾರದ ರೈಲುಗಳೂ ಓಡಿದುವು. ಆದರೂ ವಾರಗಟ್ಟಲೆ ಕಡಲ ಗಾಳಿ ಸೇವಿಸುವ ಭಾಗ್ಯ ಉಳ್ಳವರದೇ ಆಗಿತ್ತು. ದುಡಿಯುವವನಿಗೆ ರಜೆಯೆಂದರೆ ಕೂಲಿಯ ನಷ್ಟವೇ ಸರಿ.

1936ರ ಮೇ-ಜೂನ್ ತಿಂಗಳುಗಳಲ್ಲಿ ದೇಶವ್ಯಾಪಿ ಮುಷ್ಕರ ನಡೆಯಿತು. ಲಿಯೋನ್ ಬ್ಲೂಮರ ಸರಕಾರ ಜೂನ್ 20ರಂದು ಎರಡು ವಾರಗಳ ಸಂಬಳಸಹಿತ ರಜೆಯನ್ನು ಶಾಸನವಾಗಿಸಿತು. ಆದರೆ ರೈಲಿಗೆ ಕಾಸಿಲ್ಲದವನಿಗೆ ರಜೆ ದೊರೆತು ಫಲವೇನು? ಇದನ್ನರಿತ ಉಪಸಚಿವ ಲಿಯೋ ಲಾಗ್ರಾಂಜ್, ರಜೆಯ ಪ್ರಯಾಣಕ್ಕೆ ಶೇಕಡ 40ರ ರಿಯಾಯಿತಿ ದೊರಕಿಸಿದರು. ಆ ವರ್ಷ ಸುಮಾರು 6 ಲಕ್ಷ ಜನ ಅದನ್ನು ಬಳಸಿದರು. ಅವರಲ್ಲಿ ಎಷ್ಟೋ ಮಂದಿ ಸಮುದ್ರವನ್ನು ಕಂಡದ್ದೇ ಅಂದು ಮೊದಲು.

ವರ್ಷಕ್ಕೊಮ್ಮೆ ರಿಯಾಯಿತಿ ದರದಲ್ಲಿ ಪ್ರಯಾಣಿಸುವ ಅವಕಾಶ ಅಲ್ಲಿನ ನೌಕರರಿಗೆ ಇಂದಿಗೂ ಉಂಟು. ಬಿಡುವಿನ ಹಕ್ಕಿನೊಡನೆ ದಾರಿಯ ಖರ್ಚನ್ನೂ ಯೋಚಿಸಿದ್ದರಿಂದಲೇ ಬಡವನೂ ಕಡಲನ್ನು ಕಂಡ.