ಸೆಲ್ಲೋಫೇನ್ ಹಾಳೆಯೂ ಗ್ಲಿಸರಿನ್ನೂ

ಸೆಲ್ಲೋಫೇನಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಜಾಕ್ ಬ್ರಾಂಡೆನ್‌ಬರ್ಗರನಿಂದಲೇ ಆರಂಭಿಸುತ್ತಾರೆ. ಮೇಜುಬಟ್ಟೆಯ ಮೇಲೆ ಚೆಲ್ಲಿದ ದ್ರಾಕ್ಷಾಮದ್ಯವನ್ನು ಕಂಡು ಆತನಿಗೆ ಈ ಹಾಳೆಯ ಕಲ್ಪನೆ ಹೊಳೆಯಿತೆಂಬ ಕಥೆಯೂ ಪ್ರಚಾರದಲ್ಲಿದೆ. ಕಥೆ ಸೊಗಸಾದುದೇ, ಆದರೆ ಹಾಳೆ ಬಳಕೆಗೆ ಯೋಗ್ಯವಾದುದು ಹೇಗೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಸೆಲ್ಯುಲೋಸನ್ನು ಕ್ಷಾರ ಹಾಗೂ ಕಾರ್ಬನ್ ಡೈಸಲ್ಫೈಡುಗಳ ನೆರವಿನಿಂದ ಕರಗಿಸಿ ‘ವಿಸ್ಕೋಸ್’ ಎಂಬ ಮಂದದ್ರವವನ್ನು ಪಡೆಯುವ ವಿಧಾನವನ್ನು ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ 1892ರಲ್ಲಿಯೇ ಕಂಡುಹಿಡಿದಿದ್ದರು. ಇದನ್ನು ಸೀಳುಗಂಡಿಯ ಮೂಲಕ ಆಮ್ಲದೊಳಕ್ಕೆ ಹಾಯಿಸಿದರೆ ಸೆಲ್ಯುಲೋಸ್ ಮತ್ತೆ ತೆಳುಹಾಳೆಯಾಗಿ ಮೈದಳೆಯುತ್ತದೆ. ಆದರೆ ಒಣಗಿದ ಬರಿಯ ಹಾಳೆ ಪೆಡಸು, ಮಡಿಸಿದರೆ ಬಿರಿಯುತ್ತದೆ. ಸೆಲ್ಯುಲೋಸಿನ ನೀಳವಾದ ಅಣುಸರಪಳಿಗಳು ಜಲಜನಕ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದೇ ಇದಕ್ಕೆ ಕಾರಣ. ನೀರಿರುವವರೆಗೆ ಆ ಹಿಡಿತ ಸಡಿಲ. ನೀರು ಆರಿದೊಡನೆ ಬಿಗಿ. ಹೀಗಿರಲು, ನೀರಿನಂತೆ ವರ್ತಿಸಿಯೂ ನೀರಿನಂತೆ ಆವಿಯಾಗಿ ಹೋಗದ ವಸ್ತುವೊಂದು ಬೇಕಾಗಿತ್ತು. ಗ್ಲಿಸರಿನ್ ಅಂಥದು. ಅದರ ಸಣ್ಣ ಅಣುಗಳು ಸರಪಳಿಗಳ ನಡುವೆ ನುಸುಳಿ, ಬಂಧಗಳಲ್ಲಿ ಕೆಲವನ್ನು ತಮ್ಮೆಡೆಗೆ ಸೆಳೆದುಕೊಂಡು, ಅವುಗಳಿಗೆ ಜರುಗಲು ಎಡೆ ಮಾಡಿಕೊಡುತ್ತವೆ. ಸರಪಳಿಗಳು ಸ್ಫಟಿಕದಂತೆ ಒತ್ತಾಗಿ ಜೋಡಣೆಗೊಂಡ ಭಾಗಗಳನ್ನು ಮಾತ್ರ ಅವು ಹೊಗಲಾರವು. ಆದುದರಿಂದಲೇ ಹಾಳೆ ಮೆತ್ತಗಾದರೂ ಬಲಗೆಡುವುದಿಲ್ಲ. ಬ್ರಾಂಡೆನ್‌ಬರ್ಗರನ ನಿಜವಾದ ಸಾಧನೆ ಇಲ್ಲಿದೆಯೆಂದು ನನ್ನ ಮತ. 1908ರ ಆತನ ಯಂತ್ರದಲ್ಲಿ ಅಷ್ಟಾಗಿ ಅಲ್ಲ.

ಈ ಉಪಕಾರಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸೆಲ್ಯುಲೋಸಿನಂತೆ ಗ್ಲಿಸರಿನ್ನೂ ತೇವವನ್ನು ಹೀರುವಂಥದು. ಹಾಳೆ ನೀರನ್ನು ತಡೆಯಿತು, ನೀರಾವಿಯನ್ನು ತಡೆಯಲಿಲ್ಲ. ಅದರಲ್ಲಿ ಸುತ್ತಿಟ್ಟ ತಿನಿಸುಗಳು ಒಣಗಿದುವು ಇಲ್ಲವೆ ಮೆತ್ತಗಾದುವು. 1924ರಲ್ಲಿ ಅಮೆರಿಕೆಯಲ್ಲಿ ಇದರ ತಯಾರಿಕೆಯನ್ನು ಕೈಗೊಂಡ ಡುಪಾಂಟ್ ಸಂಸ್ಥೆಯಲ್ಲಿ ವಿಲಿಯಂ ಹೇಲ್ ಚಾರ್ಚ್ ಎಂಬಾತನು 1927ರಲ್ಲಿ ನೈಟ್ರೋಸೆಲ್ಯುಲೋಸ್, ಮೇಣ, ರಾಳ ಮೊದಲಾದುವುಗಳ ತೀರ ತೆಳುವಾದ ಲೇಪವೊಂದನ್ನು ಸಿದ್ಧಪಡಿಸಿ ಈ ಕೊರತೆಯನ್ನು ನೀಗಿದನು. ತರುವಾಯ ವ್ಯಾಪಾರವೇನೋ ಹಬ್ಬಿತು. ಆದರೆ ಬರಿಯ ಹಾಳೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಸುಲಭವಾಗಿ ಕರಗಿಸಬಲ್ಲುವು. ಲೇಪವಿದ್ದುದನ್ನು ಕರಗಿಸಲು ಅವಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಅಂಗಡಿಯಲ್ಲಿ ಗುಣವೆನಿಸಿದ್ದು ಮಣ್ಣಿನಲ್ಲಿ ಅಡ್ಡಿಯಾಯಿತು.

ಪೆಟ್ರೋಲಿಯಂ ಮೂಲದ ಪಾಲಿಥೀನ್, ಪಾಲಿಪ್ರೊಪಿಲೀನ್ ಹಾಳೆಗಳು ಬಂದು ಸೆಲ್ಲೋಫೇನನ್ನು ಬದಿಗೊತ್ತಿದ ಬಳಿಕ ಈ ಚರ್ಚೆ ತಣ್ಣಗಾಗಿತ್ತು. ಈಗ ಪಿಷ್ಟದಿಂದ ಹಾಳೆ ಮಾಡುವವರು ಮತ್ತೆ ಗ್ಲಿಸರಿನ್ನನ್ನೇ ಆಶ್ರಯಿಸಿದ್ದಾರೆ. ಅಲ್ಲಿಯೂ ಅದು ಸರಪಳಿಗಳನ್ನು ಸಡಿಲಿಸುತ್ತದೆ, ಅಲ್ಲಿಯೂ ತೇವವನ್ನು ಬರಮಾಡಿಕೊಳ್ಳುತ್ತದೆ. ಸಡಿಲಗೊಂಡ ಸರಪಳಿಗಳು ದಿನಗಳೆದಂತೆ ಪುನಃ ಸ್ಫಟಿಕರೂಪದಲ್ಲಿ ಜೋಡಣೆಗೊಂಡು, ಹಾಳೆ ಮೊದಲಿನಂತೆ ಪೆಡಸಾಗುತ್ತದೆ.