ಹುಣಸೆಮರದ ಹೆಜ್ಜಾರ್ಲೆ, ಕಬ್ಬಿನ ಗದ್ದೆಯ ಮಂಕರಿ

ಕಬ್ಬಿನ ಕಟಾವು ಶುರುವಾಯಿತೆಂದರೆ ನಮ್ಮ ಕಡೆ ಒಂದು ಫೋನು ಬಂದೇ ಬರುತ್ತದೆ. ‘ಸಾರ್, ಗದ್ದೇಲಿ ಚಿರತೆ ಮರಿ ಸಿಕ್ಕವೆ, ಬಿರ್ನೆ ಬನ್ನಿ.’ ಹೋಗಿ ನೋಡಿದರೆ ಎಷ್ಟೋ ಸಲ ಅವು ಚಿರತೆಯವಲ್ಲ, ಕಾಡುಬೆಕ್ಕಿನ ಮರಿಗಳು. ಎಳೆಯದರಲ್ಲಿ ಅವುಗಳ ಮೈಮೇಲೂ ಗೆರೆ, ಚುಕ್ಕೆ ಇರುವುದರಿಂದ ಜನ ಮೋಸಹೋಗುತ್ತಾರೆ. ಸುತ್ತ ಗುಂಪು ಕಟ್ಟಿದವರು ಮೊಬೈಲು ಹಿಡಿದಿರುತ್ತಾರೆ. ಯಾರೋ ಪುಣ್ಯಾತ್ಮರು ಲೋಟದಲ್ಲಿ ಹಸುವಿನ ಹಾಲು ತಂದಿರುತ್ತಾರೆ. ಆ ಹಾಲು ಕುಡಿಸಿದರೆ ಮರಿಗೆ ಭೇದಿ ಹತ್ತುತ್ತದೆಂದು ಹೇಳಿ ಲೋಟ ಇಸಿದುಕೊಳ್ಳುವುದೇ ಮೊದಲ ಕೆಲಸ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಗಾಯಗೊಂಡ ಹಕ್ಕಿ, ಸಣ್ಣಪುಟ್ಟ ಪ್ರಾಣಿಗಳ ಆರೈಕೆ ನಡೆದುಬಂದ ಬಗೆಯನ್ನು ಬರೆಯಿರಿ ಎಂದು ಈ ಸಂಚಿಕೆಯವರು ಕೇಳಿದಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. ಒಂದು ಕಟ್ಟಡದ ಚರಿತ್ರೆಯಾಗಿದ್ದರೆ ಶಂಕುಸ್ಥಾಪನೆಯ ಕಲ್ಲು ಓದಿ ಬರೆಯಬಹುದಿತ್ತು.

ಸರ್ಕಾರಿ ಚರಿತ್ರೆ ಮಾತ್ರ ಸುಲಭ. ಕಂಠೀರವ ನರಸರಾಜ ಒಡೆಯರು 1645-48ರ ಸುಮಾರಿಗೆ ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ತಿಟ್ಟುಗಳಾದವು, ತಿಟ್ಟಿಗೆ ಹಕ್ಕಿ ಬಂದವು. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಪಾಂಡವಪುರದ ಕಡೆ ಮೇಲುಕೋಟೆಯ ಕುರುಚಲು ಕಾಡು 1974ರಲ್ಲಿ ತೋಳಕ್ಕೆಂದೇ ಅಭಯಾರಣ್ಯವಾಯಿತು. ನಾಗಮಂಗಲದ ಆದಿಚುಂಚನಗಿರಿಯಲ್ಲಿ 1981ರಲ್ಲಿ ನವಿಲುಧಾಮ ಬಂತು. ಇವೆಲ್ಲ ನೆಲೆಯನ್ನು ಉಳಿಸಿದ ಕೆಲಸ. ಬಿದ್ದ ಜೀವವನ್ನು ಎತ್ತಿಕೊಳ್ಳುವ ವಿದ್ಯೆ ಬೇರೆ. ರಂಗನತಿಟ್ಟಿನಲ್ಲಂತೂ ಅದಕ್ಕೆ ಅವಕಾಶವೇ ಕಡಿಮೆ. ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗ ತಗ್ಗಿನ ಗೂಡುಗಳು ಮುಳುಗುತ್ತವೆ. ಆ ಸೆಳವಿಗೆ, ಮೊಸಳೆಗಳ ನಡುವೆ ದೋಣಿ ಇಳಿಸುವವರು ಯಾರು? ಅಲ್ಲಿ ಆರೈಕೆಯೆಂದರೆ ಬೇಸಿಗೆಯಲ್ಲೇ ಮರಳುಮೂಟೆ ಹಾಕಿ ತಿಟ್ಟು ಕೊಚ್ಚಿಹೋಗದಂತೆ ಗಟ್ಟಿ ಮಾಡುವುದು.

ಎತ್ತಿಕೊಳ್ಳುವ ವಿದ್ಯೆಯನ್ನು ನಾವು ಕಲಿತದ್ದು ನಮ್ಮ ಜಿಲ್ಲೆಯದೇ ಆದ ಕೊಕ್ಕರೆ ಬೆಳ್ಳೂರಿನಿಂದ. ಮದ್ದೂರು ತಾಲ್ಲೂಕಿನ ಆ ಊರು ಶಿಂಷಾ ದಂಡೆಯಲ್ಲಿತ್ತಂತೆ. ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಬೆನ್ನಿಗೆ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಹೊರಜಗತ್ತಿಗೆ ಅದನ್ನು ತೋರಿಸಿಕೊಟ್ಟರು. ಊರ ಹೆಂಗಸರಿಗೆ ಆ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಆದರೆ ತವರಿನ ಪ್ರೀತಿಯೊಂದೇ ಸಾಲದ ಒಂದು ಸಂಗತಿ ಅಲ್ಲಿತ್ತು. ಗಾಳಿಗೋ ಗೂಡಿನೊಳಗಿನ ನೂಕಾಟಕ್ಕೋ ಮರಿ ಕೆಳಗೆ ಬಿದ್ದರೆ ತಾಯಿ ಹೆಜ್ಜಾರ್ಲೆ (ಪೆಲಿಕನ್) ಇಳಿದು ಬಂದು ಗುಟುಕು ಕೊಡುವುದಿಲ್ಲ. ಬಿದ್ದದ್ದು ನಾಯಿಯ ಪಾಲು.

1990ರ ದಶಕದಲ್ಲಿ ಮೈಸೂರಿನ ಕೆ. ಮನು ಮತ್ತು ಗೆಳೆಯರು ಊರಿನ ಹುಡುಗರೊಂದಿಗೆ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಬಲೆಯ ಆವರಣ ಮಾಡಿ, ಬಿದ್ದ ಮರಿಗಳನ್ನು ಅದರೊಳಗೆ ಬಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವುದು. ಓದಲು ಒಂದು ಸಾಲು, ಮಾಡಲು ಇಡೀ ಬೇಸಿಗೆ. ಹೆಜ್ಜಾರ್ಲೆ ಮರಿ ಹೊಟ್ಟೆಬಾಕ. ಕೆರೆ ಬತ್ತಿದ ದಿನಗಳಲ್ಲಿ ಅದಕ್ಕೆ ಮೀನು ಹೊಂದಿಸುವವರ ಪಾಡು ಹೇಳತೀರದು. ಇನ್ನೊಂದು ಲೆಕ್ಕವೂ ಇದೆ. ಹುಣಸೆ ಬಡಿಯುವ ಕಾಲ, ಹಕ್ಕಿ ಮರಿ ಮಾಡುವ ಕಾಲ ಎರಡೂ ಒಂದೇ. ಮರದವರು ಫಸಲು ಬಿಟ್ಟುಕೊಟ್ಟರೆ ಮಾತ್ರ ಗೂಡು ಉಳಿಯುತ್ತದೆ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಹಿಕ್ಕೆಯ ಗೊಬ್ಬರವನ್ನು ಬಿಟ್ಟರೆ ಹಕ್ಕಿಯಿಂದ ಮರದವರಿಗೆ ಬೇರೆ ಆದಾಯವಿಲ್ಲ. ನನ್ನನ್ನು ಕೇಳಿದರೆ ಬೆಳ್ಳೂರಿನ ದೊಡ್ಡ ಸಾಧನೆ ಬಲೆಯ ಆವರಣಕ್ಕಿಂತ ಈ ಪರಿಹಾರವೇ. ದಯೆಗೂ ಖರ್ಚಿದೆ, ಅದು ಯಾರದೋ ಜೇಬಿನಿಂದ ಹೋಗುತ್ತದೆ ಎಂದು ಒಪ್ಪಿಕೊಂಡದ್ದು ಅಲ್ಲಿ.

ನಮ್ಮ ನಾಲ್ಕು ತಾಲ್ಲೂಕಿನ ಕಬ್ಬಿನ ಗದ್ದೆಗೆ ಈ ಪಾಠ ತಿರುಗುಮುರುಗಾಗಿ ಬಂತು. ಹೆಜ್ಜಾರ್ಲೆ ಮರಿಯನ್ನು ಎತ್ತಿಕೊಳ್ಳದಿದ್ದರೆ ಸಾಯುತ್ತದೆ. ಬೆಕ್ಕಿನ ಮರಿಯನ್ನು, ಚಿರತೆ ಮರಿಯನ್ನು ಎತ್ತಿಕೊಂಡರೇ ಕೆಡುತ್ತದೆ. ತಾಯಿ ಎಲ್ಲೋ ಹತ್ತಿರದಲ್ಲೇ ಇರುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಮನುಷ್ಯರ ಕೈಯಲ್ಲಿ ಬೆಳೆದ ಚಿರತೆಗೆ ಬೇಟೆಯೂ ಬಾರದು, ನಮ್ಮ ಮೇಲಿನ ಹೆದರಿಕೆಯೂ ಉಳಿಯದು. ಕೊನೆಗೆ ಮೈಸೂರು ಮೃಗಾಲಯದ ಕೂರ್ಗಳ್ಳಿ ಕೇಂದ್ರದಂಥ ಕಡೆ ಬೋನೇ ಮನೆ. ಆದ್ದರಿಂದ ಮರಿ ಸಿಕ್ಕಿದ ಜಾಗದಲ್ಲೇ ತರಗು ಹಾಸಿ, ಮಂಕರಿಯಲ್ಲಿಟ್ಟು, ಜನರನ್ನು ಚದುರಿಸಿ, ಅರಣ್ಯದವರೊಂದಿಗೆ ದೂರ ಕೂರುವುದು.

ಗಾಯವಾಗಿದ್ದರೆ ಮಾತು ಬೇರೆ. ಗಾಳಿಪಟದ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡ ಗೂಬೆ, ನಾಯಿ ಕಚ್ಚಿದ ನವಿಲು, ರಸ್ತೆಯಲ್ಲಿ ಪೆಟ್ಟು ತಿಂದ ಪುನುಗುಬೆಕ್ಕು ಇವನ್ನು ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲೋ ಪಂಜರದಲ್ಲೋ ಕತ್ತಲು ಮಾಡಿ ಇಟ್ಟು ವೈದ್ಯರ ಬಳಿಗೆ ಒಯ್ಯಬೇಕು. ಬಾಯಿಗೆ ನೀರು ಹುಯ್ಯಬಾರದು, ಉಸಿರಿಗೆ ಹೋಗುತ್ತದೆ. ಮನೆಯಲ್ಲೇ ಸಾಕಿಕೊಳ್ಳುವ ಆಸೆಯಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ 48 ಗಂಟೆ ಗಡುವು ಕೊಟ್ಟಿದೆ, ಅಷ್ಟರೊಳಗೆ ತಿಳಿಸಿ ಒಪ್ಪಿಸಬೇಕು.

ಕಳೆದ ಕಟಾವಿನಲ್ಲಿ ನಮ್ಮೂರ ಹತ್ತಿರದ ಗದ್ದೆಯೊಂದರಲ್ಲಿ ಮೂರು ಕಾಡುಬೆಕ್ಕಿನ ಮರಿ ಸಿಕ್ಕವು. ಗದ್ದೆಯವರು ಒಳ್ಳೆಯವರು, ಒಂದು ಮೂಲೆಯನ್ನು ಹಾಗೇ ಬಿಟ್ಟರು. ಬೆಳಿಗ್ಗೆ ನೋಡಿದರೆ ಮಂಕರಿಯಲ್ಲಿ ಒಂದೇ ಮರಿ ಉಳಿದಿತ್ತು. ತಾಯಿ ಎರಡನ್ನು ಒಯ್ದು ಬೆಳಕು ಹರಿದದ್ದಕ್ಕೆ ನಿಂತಿರಬೇಕು. ಹಾಗಾಗಿ ಇನ್ನೊಂದು ದಿನ ಆ ಮೂಲೆ ಕಡಿಯುವಂತಿಲ್ಲ ಎಂದೆ. ಕಟಾವಿನ ಮೇಸ್ತ್ರಿ ಸುಮ್ಮನೆ ನನ್ನ ಮುಖ ನೋಡಿದ. ಅವರಿಗೆ ಕೂಲಿ ಟನ್ನಿನ ಲೆಕ್ಕ. ‘ಬೆಕ್ಕಿಗೆ ರಜ ಕೊಟ್ರಿ ಸರಿ ಸಾರ್, ನಮ್ಮ ಹೆಂಗಸ್ರ ಕೂಲಿ ಯಾರು ಕೊಟ್ಟಾರು?’ ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಗದ್ದೆಯವರು ಎಲ್ಲರಿಗೂ ಟೀ ತರಿಸಿದರು.